ಅಂಟು ಒಣಗುವ ತನಕ

ಮಟ್ಟ ನೋಡುವ ರಸಮಟ್ಟದ ಗುಳ್ಳೆ ಇನ್ನೂ ನಡುವಿಗೆ ಬಂದಿರಲಿಲ್ಲ. ಅಬ್ದುಲ್ ಗನಿ ಎಡಗಡೆಯ ಇಟ್ಟಿಗೆಯ ಕೆಳಗೆ ಟೈಲ್ಸಿನ ಚೂರೊಂದನ್ನು ತೂರಿಸಿದ, ಬಗ್ಗಿ ನೋಡಿದ, ಅದನ್ನು ತೆಗೆದು ಇನ್ನೂ ತೆಳ್ಳಗಿನದನ್ನು ಇಟ್ಟ. ಮೂರು ಕಡೆ ಮೂರು ಇಟ್ಟಿಗೆ, ಪ್ರತಿ ಇಟ್ಟಿಗೆಯ ಮೇಲೆ ಒಂದು ಸಣ್ಣ ಕಚ್ಚು, ಆ ಕಚ್ಚುಗಳಲ್ಲಿ ಏಳು ಅಡಿಯ ಕಪ್ಪು ಗಾಳದ ಕೋಲು ಮಲಗಿತ್ತು. ಬುಡ ಹೆಬ್ಬೆರಳಿಗಿಂತ ದಪ್ಪ, ತುದಿ ಊದುಬತ್ತಿಯಷ್ಟು ಸಣ್ಣ. ಇಂಥದ್ದನ್ನು ಮಟ್ಟ ಮಾಡುವುದು ನೆಲಕ್ಕೆ ಫರಸಿಕಲ್ಲು ಹಾಸಿದಷ್ಟು ಸುಲಭವಲ್ಲ. ಬುಡ ಸರಿಯಾಯಿತು ಅನ್ನುವಾಗ ತುದಿ ಬಾಗುತ್ತದೆ. ತುದಿ ಎತ್ತಿದರೆ ನಡು ಜೋಲುತ್ತದೆ.

"ಇಷ್ಟೆಲ್ಲಾ ಬೇಕೇನ್ರಿ ಇದಕ್ಕ?" ಗೋಡೆಗೆ ಒರಗಿ ಕುಳಿತ ಸುಂದರಬಾಯಿ ಕೇಳಿದಳು.

"ಬೇಕ್ರಿ ವೈನಿ. ಅಂಟು ಹಚ್ಚೂವಾಗ ಜೇನುತುಪ್ಪ ಇದ್ದಂಗ ಇರ್ತದ. ಸ್ವಲ್ಪ ಓರೆ ಇದ್ರೂ ಹರದು ಹೋಗಿ ಒಂದ ಕಡೆ ಗಂಟು ಕಟ್ತದ. ಮಟ್ಟ ಇದ್ರೂ ಸಾಲಂಗಿಲ್ಲ, ಒಣಗೂತನಕ ತಿರುಗಿಸ್ತಾನೇ ಇರಬೇಕು."

"ಎಷ್ಟೊತ್ತು?"

"ಮೂರು ತಾಸು. ಆಮ್ಯಾಲ ಒಂದು ದಿನ ಮುಟ್ಟಬಾರದು. ನೀವು ಮನಿಗಿ ಹೋಗ್ರಿ, ನಾಳಿ ಆದಮ್ಯಾಲ ಬಂದು ಒಯ್ಯಬೌದು."

ಸುಂದರಬಾಯಿ ಏಳಲಿಲ್ಲ. "ಅವರು ಉಂಡು ಮಲಗ್ಯಾರ. ಮಗ್ಗುಲ ಮನಿ ಭಾಗಮ್ಮನ್ನ ಕುಂದರಿಸಿ ಬಂದೀನಿ. ಕುಂದರ್ತೇನಿ ಸ್ವಲ್ಪ" ಎಂದಳು.

ಗನಿ ಮೊದಲೇ ಕಿಟಕಿ ಮುಚ್ಚಿ, ನೆಲಕ್ಕೆ ನೀರು ಚಿಮುಕಿಸಿದ್ದ. ಹೊರಗೆ ಭೂಸನೂರ ಫ್ಯಾಕ್ಟರಿಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಧೂಳಿನ ಒಂದು ಕಣ ಹಸಿ ಅಂಟಿಗೆ ಬಿದ್ದರೂ ಕೋಲು ಇರುವ ತನಕ ಅಲ್ಲಿಯೇ ಇರುತ್ತದೆ. ಎರಡು ಬಾಟಲಿಗಳ ಅಂಟನ್ನು ಸಮಸಮ ಅಳೆದು ಮುಚ್ಚಳವೊಂದರಲ್ಲಿ ಸುರಿದು ಕಡ್ಡಿಯಿಂದ ನಿಧಾನ ಕಲಸಿದ. ಟೈಲ್ಸಿನ ಸಂದಿ ತುಂಬುವ ಎಪಾಕ್ಸಿಯಲ್ಲಿ ಅವನ ಕೈ ಪಳಗಿತ್ತು. ಇದು ಅದಕ್ಕಿಂತ ತೆಳು, ಗಾಜಿನಷ್ಟು ತಿಳಿ. ದಾರ ಹೋಗುವ ಸಣ್ಣ ಸಣ್ಣ ಹೊಸ ರಿಂಗುಗಳನ್ನು ಕೋಲಿಗೆ ಕೂಡಿಸಿ ನಿನ್ನೆಯೆಲ್ಲ ಕೂತು ಹಸಿರು ನೂಲು ಸುತ್ತಿದ್ದ. ಈಗ ಒಂದು ಕೈಯಿಂದ ಕೋಲು ತಿರುಗಿಸುತ್ತ, ಮತ್ತೊಂದು ಕೈಯ ಕುಂಚದಿಂದ ಆ ನೂಲಿನ ಮೇಲೆ ಅಂಟು ಸವರುತ್ತ ಹೋದ. ಎದ್ದ ಗುಳ್ಳೆಗಳ ಮೇಲೆ ಬಾಯಿಂದ ಬಿಸಿ ಉಸಿರು ಬಿಟ್ಟ. ಅವು ಒಂದೊಂದಾಗಿ ಒಡೆದವು.

ಕೋಲು ಅವನದಲ್ಲ. ಸುಂದರಬಾಯಿಯ ಗಂಡ ಶಾಂತಲಿಂಗಪ್ಪನದು. ಮೂರು ದಿನದ ಹಿಂದೆ ಅವಳು ಅದನ್ನು ಹಳೆಯ ಧೋತರದಲ್ಲಿ ಸುತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಾಗ ಗನಿಗೆ ಒಳಗೆ ಕರೆಯಬೇಕೋ ಬೇಡವೋ ತಿಳಿದಿರಲಿಲ್ಲ. "ಗ್ವಾಡಿ ಮ್ಯಾಲಿಂದ ಎಳದು ಬೀಳಿಸ್ಯಾರ. ರಿಂಗು ಕಿತ್ತು ಬಂದಾವ. ಅವನ್ನ ಮುಷ್ಟ್ಯಾಗ ಹಿಡಕೊಂಡು ಕುಂತಾರ, ಬಿಡವಲ್ಲರು. ನಿಮ್ಮ ಬಿಟ್ರ ಇದು ಯಾರಿಗಿ ಬರ್ತದ್ರಿ?" ಅಂದಿದ್ದಳು. ಇಟ್ಟು ಹೋಗ್ರಿ ಅಂತ ಅಷ್ಟೇ ಅಂದಿದ್ದ ಗನಿ. ಹೇಗಿದ್ದಾರೆ ಎಂದು ಕೇಳಿರಲಿಲ್ಲ.

ಶಾಂತಲಿಂಗಪ್ಪ ಅಫಜಲಪುರ–ಆಳಂದ ಬಸ್ಸಿನ ಡ್ರೈವರ್ ಆಗಿದ್ದವನು. ಇಪ್ಪತ್ತೆರಡು ವರ್ಷ ಅದೇ ದಾರಿ. ಅವನು ಹೊಸ ಮನೆ ಕಟ್ಟಿಸಿದಾಗ ಫರಸಿ ಹಾಸಿದ ಗೌಂಡಿ ಗನಿ. ಮಧ್ಯಾಹ್ನ ಇಬ್ಬರೂ ಒಂದೇ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು. ರವಿವಾರ ಎಲ್ಲಿಗೆ ಹೋಗುತ್ತಿ ಎಂದು ಅವನು ಕೇಳಿದ್ದಕ್ಕೆ ಗನಿ ಭೀಮೆಯ ದಂಡೆಗೆ, ಮೀನು ಹಿಡಿಯಲಿಕ್ಕೆ ಎಂದ. ಸುಮ್ಮನೆ ನೋಡಲು ಬರುತ್ತೇನೆಂದು ಬಂದ ಶಾಂತಲಿಂಗಪ್ಪ ಮುಂದಿನ ರವಿವಾರವೂ ಬಂದ, ಅದರ ಮುಂದಿನದಕ್ಕೂ ಬಂದ. ಕೊರಳಲ್ಲಿ ಲಿಂಗ, ಮನೆಯಲ್ಲಿ ಮೀನಿನ ಹೆಸರೂ ಎತ್ತುವ ಹಾಗಿಲ್ಲ. ಸಿಕ್ಕ ಮೀನನ್ನು ತೊಯ್ಸಿದ ಅಂಗೈಯಲ್ಲಿ ಹಿಡಿದು, ಗಾಳ ಬಿಡಿಸಿ, ನೀರಿಗೆ ಬಿಟ್ಟುಬಿಡುತ್ತಿದ್ದ.

"ಬಿಡೂದಿದ್ರ ಹಿಡಿಯೂದು ಯಾಕ ಡ್ರೈವರ್ ಸಾಹೇಬ್ರ?"

"ನಿನಗ ತಿಳಿಯಂಗಿಲ್ಲ ಬಿಡು ಗನಿ. ದಿನಾ ಬಸ್ಸಿಗಿ ಐವತ್ತು ಮಂದಿ ಹತ್ತಿಸ್ಕೋತೇನಿ, ಐವತ್ತು ಮಂದಿ ಇಳಿಸ್ತೇನಿ. ಯಾರನ್ನರ ಮನಿಗಿ ಕರಕೊಂಡು ಹೋಗೇನೇನು?"

ನಿವೃತ್ತಿಯಾದ ದಿನ ಸೋಲಾಪುರಕ್ಕೆ ಹೋಗಿ ಈ ಕಪ್ಪು ಕೋಲು ತಂದಿದ್ದ. ಮಗು ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ತೋರಿಸಿದ್ದ. ಗನಿಯ ಮಗಳು ನೂರೀನಳಿಗೆ ಅವನು ಕಾಕಾ. ಅವಳು ಹತ್ತನೇ ಇಯತ್ತೆ ಪಾಸಾದಾಗ ಅವಳ ಅಪ್ಪನಿಗಿಂತ ಮೊದಲು ಪೇಢೆ ಹಂಚಿದವನು ಅವನು.

ಎರಡು ವರ್ಷದ ಹಿಂದೆ, ಆ ನೂರೀನಳ ಲಗ್ನಕ್ಕೆ ಶಾಂತಲಿಂಗಪ್ಪ ಬರಲಿಲ್ಲ.

ಹುಡುಗನ ಕಡೆಯವರ ಮಾತಿನಂತೆ ಲಗ್ನ ಆಳಂದದ ಶಾದಿಮಹಲಿನಲ್ಲಿ ಇತ್ತು. ಹಿಂದಿನ ದಿನ ಶಾಂತಲಿಂಗಪ್ಪ ಜೇವರ್ಗಿಯ ತಂಗಿಯ ಮನೆಗೆ ಹೋಗಿದ್ದ. ಅಲ್ಲಿಂದ ನೇರ ಬರುತ್ತೇನೆ ಎಂದು ಹೇಳಿದ್ದ. ಶಾಕಾಹಾರದ ಪಂಕ್ತಿ ಬೇರೆಯೇ ಮಾಡಿಸಿ, ಮೊದಲ ಎಲೆಗೆ ಯಾರೂ ಕೂಡಬೇಡಿ ಎಂದು ಗನಿ ತಾನೇ ನಿಂತಿದ್ದ. ಎಲೆ ಖಾಲಿ ಉಳಿಯಿತು. ಮಗಳು ಗಾಡಿ ಹತ್ತುವಾಗಲೂ "ಕಾಕಾ ಬರಲಿಲ್ಲಲ್ಲ ಅಬ್ಬಾ" ಅಂದಿದ್ದಳು. ಬಂಧುಗಳಲ್ಲಿ ಯಾರೋ ನಕ್ಕು, ನಮ್ಮ ಮನೆ ಊಟಕ್ಕೆ ಅವರ ಮಂದಿ ಯಾಕೆ ಬಂದಾರು ಎಂದರು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಗನಿಯ ತಲೆಗೆ ಬಾರದಿದ್ದ ಮಾತು ಅದು. ಆ ದಿನ ಬಂತು, ಬಂದದ್ದು ಹೋಗಲಿಲ್ಲ.

ಒಂದು ವಾರದ ಮೇಲೆ ಶಾಂತಲಿಂಗಪ್ಪ ಮನೆಗೆ ಬಂದಿದ್ದ. ಕಿಟಕಿಯಿಂದ ಅವನನ್ನು ನೋಡಿದ ಗನಿ ಹೆಂಡತಿ ಅಮೀರುನ್ನಿಸಾಗೆ, ಇಲ್ಲ ಅಂತ ಹೇಳು ಎಂದು ಒಳಗಿನ ಕೋಣೆಗೆ ಹೋಗಿ ನಿಂತಿದ್ದ. ಅಮೀರುನ್ನಿಸಾ ಹಾಗೆಯೇ ಹೇಳಿದಳು. ಆದರೆ ಗನಿಯ ಚಪ್ಪಲಿ ಹೊಸ್ತಿಲ ಹೊರಗೇ ಇದ್ದವು. ಶಾಂತಲಿಂಗಪ್ಪ ಅವನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತು, "ಬಂದ ಮ್ಯಾಲ ಹೇಳ್ರಿ, ನಾನು ಬಂದಿದ್ದೆ ಅಂತ" ಎಂದು ಹೋದ. ಆಮೇಲೆ ಗನಿ ಸೋಲಾಪುರದ ಕಡೆ ಕೆಲಸ ಹಿಡಿದ. ತಿಂಗಳುಗಟ್ಟಲೆ ಅಲ್ಲೇ. ಊರಿಗೆ ಬಂದಾಗ, ಡ್ರೈವರ್‌ಗೆ ಆರಾಮಿಲ್ಲವಂತೆ ಎಂದು ಯಾರೋ ಹೇಳಿದ್ದರು. ವಯಸ್ಸಾದ ಮೇಲೆ ಯಾರಿಗೆ ಆರಾಮ ಇರುತ್ತದೆ ಅಂದುಕೊಂಡು ಸುಮ್ಮನಾಗಿದ್ದ.

ಒಂದು ತಾಸು ಕಳೆಯಿತು. ಅಮೀರುನ್ನಿಸಾ ಚಹಾ ತಂದಿಟ್ಟಳು. ಸುಂದರಬಾಯಿ ಕುಡಿದಳು, ಗನಿಯದು ಕೆನೆ ಕಟ್ಟಿತು. "ಚಾ ಠಂಡಾ ಹೋರೈ ಜೀ" ಎಂದು ಅಮೀರುನ್ನಿಸಾ ಒಳಗಿನಿಂದ ಕೂಗಿದರೂ ಅವನು ಕಪ್ಪಿಗೆ ಕೈ ಹಾಕಲಿಲ್ಲ. ಎಡಗೈ ಬೆರಳು ಕೋಲಿನ ಬುಡದ ಮೇಲೆ, ಕಣ್ಣು ನೂಲಿನ ಮೇಲೆ. ಕಾಲು ಸುತ್ತು, ನಿಲ್ಲು. ಕಾಲು ಸುತ್ತು, ನಿಲ್ಲು.

ಇಳಿಹೊತ್ತಿನ ಅಸರ್ ನಮಾಜಿನ ಕೂಗು ಕೇಳಿಸಿತು. ಗನಿ ತಲೆ ಎತ್ತಿ ಮತ್ತೆ ಕೋಲು ನೋಡಿದ.

"ಹೋಗ್ರಿ, ನಾ ತಿರುಗಿಸ್ತೇನಿ" ಎಂದಳು ಸುಂದರಬಾಯಿ.

"ನಿಮಗ ಆಗ್ತದೇನ್ರಿ?"

"ಒಂದು ತಾಸಿನಿಂದ ನೋಡಾಕತ್ತೇನಲ್ಲ."

ಅವಳು ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಟ್ಟಿಗೆಯ ಮುಂದೆ ಮಂಡಿಯೂರಿ ಕೂತಳು. ಗನಿ ಒಳಗಿನ ಕೋಣೆಯಲ್ಲಿ ನಮಾಜು ಮುಗಿಸಿ ಬಂದಾಗಲೂ ಹಾಗೆಯೇ ಕೂತಿದ್ದಳು. ರಾಗಿಕಾಳಿನಷ್ಟೂ ಅಂಟು ಜಾರಿರಲಿಲ್ಲ. ಅವನು ಎದುರಿಗೆ ಕೂತು ಕೋಲಿಗೆ ಕೈ ಚಾಚಿದ. ಅವಳು ಬಿಟ್ಟುಕೊಟ್ಟಳು. ಆದರೆ ಗೋಡೆಯ ಹತ್ತಿರ ಮರಳಿ ಹೋಗಲಿಲ್ಲ.

"ಗನಿ ಅಣ್ಣಾ, ಒಂದು ಮಾತು ಹೇಳಬೇಕು ಅಂತ ಬಂದೀನ್ರಿ. ಕೋಲು ಒಂದು ನೆಪ."

ಗನಿ ತಿರುಗಿಸುತ್ತಲೇ ಇದ್ದ.

"ನೂರೀನನ ಲಗ್ನಕ್ಕ ಅವರು ಬಂದಿದ್ರು."

"ಬರಲಿಲ್ಲ ವೈನಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಬಾಗಿಲದಾಗ ನಿಂತಿದ್ನಿ."

"ಆಳಂದಕ್ಕ ಬಂದಿದ್ರು. ಜೇವರ್ಗಿಯಿಂದ ಕಲಬುರಗಿ, ಅಲ್ಲಿಂದ ಆಳಂದ. ಮುಂಜಾನೆ ಹತ್ತಕ್ಕ ಬಸ್ ಸ್ಟ್ಯಾಂಡಿನ್ಯಾಗ ಇಳದಾರ. ಕೈಯಾಗ ನೂರೀನಗ ಅಂತ ತಂದ ಸೀರಿ." ಸುಂದರಬಾಯಿ ಬಳೆಗಳನ್ನು ಮತ್ತೆ ಮುಂಗೈಗೆ ಇಳಿಸಿಕೊಂಡಳು. "ಇಳದವರಿಗಿ ಯಾಕ ಬಂದೀನಿ ಅನ್ನೂದು ತಿಳೀಲಿಲ್ಲಂತ. ಯಾ ಊರು ಅನ್ನೂದೂ ತಿಳೀಲಿಲ್ಲಂತ."

ಕಬ್ಬಿನ ಟ್ರ್ಯಾಕ್ಟರೊಂದು ಹಾದುಹೋಯಿತು. ಕಿಟಕಿಯ ಗಾಜು ನಡುಗಿ ನಿಂತಿತು.

"ಇಪ್ಪತ್ತೆರಡು ವರ್ಷ ದಿನಾ ಬಸ್ ಹಚ್ಚಿದ ಜಾಗಾರಿ ಅದು. ಆ ಸ್ಟ್ಯಾಂಡಿನ ಬೆಂಚಿನ ಮ್ಯಾಲ ಸಂಜಿ ಐದರ ತನಕ ಕುಂತಾರ. ಯಾರನ್ನೂ ಕೇಳಿಲ್ಲ. ಏನಂತ ಕೇಳಬೇಕು ಅನ್ನೂದೂ ಗೊತ್ತಾಗಿಲ್ಲ. ಆಮ್ಯಾಲ ಪರಿಚಯದ ಕಂಡಕ್ಟರ್ ಒಬ್ಬ ನೋಡಿ, ಸಾಹೇಬ್ರ ಊರಿಗೇನ್ರಿ ಅಂತ ಹತ್ತಿಸ್ಕೊಂಡಾನ. ಅರ್ಧ ದಾರಿ ಬಂದಮ್ಯಾಲ ಎಲ್ಲಾ ನೆನಪಾತಂತ. ಗಾಡಿ ನಿಲ್ಲಸು, ಇಳೀತೇನಿ ಅಂದ್ರಂತ. ಮತ್ತ ತಾವ ಹೊರಗ ನೋಡಿದ್ರಂತ, ಹೊತ್ತು ಮುಳುಗಿತ್ತಂತ. ಸುಮ್ಮ ಕುಂತ್ರಂತ."

"ನನಗ ಯಾಕ ಹೇಳಲಿಲ್ಲ ವೈನಿ?"

"ಯಾರಿಗೂ ಹೇಳಬ್ಯಾಡ ಅಂದ್ರು. ಮಂದಿ ಮಳ್ಳ ಅಂತಾರ ಅಂದ್ರು. ಗನಿಗಿ ಮಾತ್ರ ನಾನ ಹೇಳ್ತೇನಿ, ಅಂವ ನಗಂಗಿಲ್ಲ ಅಂದ್ರು. ಆಗಿನ್ನೂ ಎಷ್ಟೋ ದಿನ ಎಲ್ಲಾ ನೆನಪಿರ್ತಿತ್ತು. ಒಂದು ದಿನ ಮುಂಜಾನೆದ್ದು ಬಿಳಿ ಅಂಗಿ ಹಾಕ್ಕೊಂಡು, ಹೇಳಿ ಬರ್ತೇನಿ ಅಂತ ನಿಮ್ಮ ಮನಿಗಿ ಬಂದ್ರು. ಅರ್ಧ ತಾಸಿನ್ಯಾಗ ತಿರುಗಿ ಬಂದ್ರು."

ಗನಿಯ ಬೆರಳು ಕೋಲಿನ ಮೇಲೆ ನಿಂತಿತು.

"ಏನಂದ್ರು, ಬಂದು?"

"ಏನಂತಾರ್ರಿ. ಗನಿ ಮನ್ಯಾಗ ಇರಲಿಲ್ಲ ಅಂದ್ರು. ಕೆಲಸದ ಮ್ಯಾಲ ಹೋಗ್ಯಾನ, ಪಾಪ, ಮಗಳ ಲಗ್ನ ಮಾಡಿ ದಣದಾನ ಅಂದ್ರು. ಅಂಗಿ ಕಳದು ಗೂಟಕ್ಕ ಹಾಕಿದ್ರು."

ಅಡಿಗೆಮನೆಯಲ್ಲಿ ಅಮೀರುನ್ನಿಸಾ ಪಾತ್ರೆ ತೊಳೆಯುತ್ತಿದ್ದುದು ನಿಂತಿತ್ತು. ಅವಳು ಬಾಗಿಲಿಗೆ ಬಂದು ನಿಂತಿದ್ದಳು. ಗಂಡನ ಮುಖ ನೋಡಿ ಮತ್ತೆ ಒಳಗೆ ಹೋದಳು.

"ಈಗ ಹ್ಯಾಂಗ ಅದಾರ?" ಗನಿ ಕೇಳಿದ. ಮೂರು ದಿನದ ಹಿಂದೆ ಕೇಳಬೇಕಿದ್ದ ಮಾತು.

"ನನ್ನ ಗುರುತು ಹಿಡೀತಾರ. ಹೆಸರು ಅನ್ನಂಗಿಲ್ಲ, ಆದ್ರ ಗುರುತದ. ಒಮ್ಮೊಮ್ಮೆ ಎದ್ದು, ಬಸ್ಸಿನ ಹೊತ್ತಾತು, ಆಳಂದಕ್ಕ ಹೋಗಬೇಕು ಅಂತಾರ. ಡ್ಯೂಟಿಗೋ, ಲಗ್ನಕ್ಕೋ, ನನಗ ತಿಳಿಯಂಗಿಲ್ಲ." ಅವಳು ಕೋಲಿನ ಕಡೆ ನೋಡಿದಳು. "ಅಣ್ಣಾ, ಅದೇನದು? ಇಳೀಲಿಕ್ಕತ್ತದ."

ನಡುವಿನ ರಿಂಗಿನ ಹತ್ತಿರ, ಹಸಿರು ನೂಲಿನ ಕೆಳಗೆ ಅಂಟು ಹನಿಯಾಗಿ ಇಳಿದಿತ್ತು. ಎಷ್ಟು ಹೊತ್ತಿನಿಂದ ತಾನು ತಿರುಗಿಸಿಲ್ಲವೆನ್ನುವುದು ಗನಿಗೆ ಗೊತ್ತಿರಲಿಲ್ಲ. ಕೋಲನ್ನು ತಿರುವಿ ಹನಿ ಮೇಲೆ ಬರುವಂತೆ ಮಾಡಿದ, ಉಸಿರು ಊದಿದ, ಕುಂಚ ಮುಟ್ಟಿಸಿ ನೋಡಿದ. ಆಗಲೇ ಬಿಗಿ ಹಿಡಿದಿತ್ತು. ಕುಂಚದ ಕೂದಲೊಂದು ಅದರಲ್ಲಿ ಸಿಕ್ಕಿ ಉಳಿಯಿತು.

"ಕೆಟ್ಟಿತೇನ್ರಿ?"

"ಇಲ್ರಿ" ಎಂದ ಗನಿ. "ಕೆಡಂಗಿಲ್ಲ. ಕಾಣ್ತದ ಅಷ್ಟೇ."

ಉಳಿದ ಹೊತ್ತೆಲ್ಲ ಅವನು ತಿರುಗಿಸಿದ, ಬೆರಳು ಸೋತಾಗ ಅವಳು ತಿರುಗಿಸಿದಳು. ಅವಳು ಹೊರಟಾಗ ಗನಿ ಬಾಗಿಲ ತನಕ ಬಂದು ಏನೋ ಹೇಳಲು ನಿಂತ. ಹೊಸ್ತಿಲ ಹೊರಗಿದ್ದ ತನ್ನ ಚಪ್ಪಲಿಗಳನ್ನು ಕಾಲಿನಿಂದ ಗೋಡೆಯ ಕಡೆಗೆ ಸರಿಸಿದ. ಸುಂದರಬಾಯಿ ಗಂಡ ಹೇಳಿದ್ದನ್ನೇ ನಂಬಿದ್ದಳೋ, ಗೊತ್ತಿದ್ದೂ ಬಿಟ್ಟಿದ್ದಳೋ, ಅವಳ ಮುಖ ನೋಡಿದರೆ ತಿಳಿಯುವಂತಿರಲಿಲ್ಲ.

"ರವಿವಾರ ನಾನ ತರ್ತೇನ್ರಿ" ಎಂದ.

ಮರುದಿನ ಒಣಗಿದ ಅಂಟನ್ನು ಉಗುರಿನಿಂದ ಒತ್ತಿ ನೋಡಿದ. ಗಟ್ಟಿಯಾಗಿತ್ತು. ಆ ಗಂಟನ್ನು ಕೆರೆದು ಮತ್ತೆ ಹಚ್ಚಬಹುದಿತ್ತು; ಬ್ಲೇಡು ಕೈಗೆ ತೆಗೆದುಕೊಂಡ, ಮತ್ತೆ ಇಟ್ಟ.

ರವಿವಾರ ಮುಂಜಾನೆ ಗನಿ ಹೋದಾಗ ಶಾಂತಲಿಂಗಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಬಿಸಿಲು ಕಾಯುತ್ತ ಕೂತಿದ್ದ. ಸೊರಗಿದ್ದ. ಗಡ್ಡ ಬೆಳೆದಿರಲಿಲ್ಲ, ಸುಂದರಬಾಯಿ ತಾನೇ ಹೆರೆದಿರಬೇಕು, ಗದ್ದದ ಮೇಲೆ ಸಣ್ಣದೊಂದು ಗಾಯವಿತ್ತು. ಹಣೆಯ ಮೇಲೆ ವಿಭೂತಿ ನೇರವಾಗಿ ಮೂರು ಗೆರೆ. ಗನಿ ಎದುರಿಗೆ ನಿಂತು, "ಡ್ರೈವರ್ ಸಾಹೇಬ್ರ" ಅಂದ.

ಶಾಂತಲಿಂಗಪ್ಪ ತಲೆ ಎತ್ತಿ ನೋಡಿದ. ನಕ್ಕ. ಬಸ್ಸಿಗೆ ಹತ್ತುವ ಯಾರನ್ನಾದರೂ ನೋಡಿ ನಗುವಂಥ, ಮರ್ಯಾದೆಯ ನಗು.

"ಬರ್ರಿ, ಕುಂದರ್ರಿ. ಯಾವೂರಾತು?"

ಇಪ್ಪತ್ತು ವರ್ಷದಲ್ಲಿ ಶಾಂತಲಿಂಗಪ್ಪ ಅವನಿಗೆ ಒಮ್ಮೆಯೂ ಹಾಗೆ ಮಾತಾಡಿರಲಿಲ್ಲ. ಲೇ ಗನಿ, ಬಾರಲೇ, ಎಲ್ಲಿ ಸತ್ತಿದ್ದೆಲೇ ಇಷ್ಟು ದಿನ ಅನ್ನುತ್ತಿದ್ದ. ಗನಿ ಕಟ್ಟೆಯ ಅಂಚಿಗೆ ಕೂತ. "ಇದ ಊರ್ರಿ" ಎಂದ.

"ನಂದೂ ಇದ ಊರ್ರಿ" ಎಂದು ಶಾಂತಲಿಂಗಪ್ಪ ಸಂತೋಷಪಟ್ಟ.

ಅವನ ಕಣ್ಣು ಕೋಲಿನ ಮೇಲೆ ಬಿತ್ತು. ಎರಡೂ ಕೈ ಚಾಚಿ ತೆಗೆದುಕೊಂಡ. ಕೇಳಲಿಲ್ಲ, ಹೇಳಲಿಲ್ಲ. ಬುಡವನ್ನು ಬಲಗೈ ತಾನಾಗಿಯೇ ಹಿಡಿಯಿತು, ತೋರುಬೆರಳು ನೆಟ್ಟಗೆ ಕೋಲಿನ ಮೇಲೆ ಹೋಗಿ ನಿಂತಿತು. ಹಾಗೆ ಹಿಡಿಯುವುದನ್ನು ಅವನಿಗೆ ಕಲಿಸಿದವನು ಗನಿ.

ಸುಂದರಬಾಯಿ ಒಳಗಿನಿಂದ ಒಂದು ಕಾಗದದ ಪೊಟ್ಟಣ ತಂದು ಗನಿಯ ಮುಂದೆ ಹಿಡಿದಳು. ಮಡಿಕೆಯ ತುದಿಗಳು ಹಳದಿಗಟ್ಟಿದ್ದವು. "ನೂರೀನಂದು. ಎರಡು ವರ್ಷ ಟ್ರಂಕಿನ್ಯಾಗ ಅದ. ಒಯ್ರಿ ಅಣ್ಣಾ."

ಗನಿ ಮುಟ್ಟಿದ, ತೆಗೆದುಕೊಳ್ಳಲಿಲ್ಲ. "ಇಲ್ಲೇ ಇರ್ಲಿ ವೈನಿ. ಬರೂ ತಿಂಗಳು ಅಕಿ ಬರ್ತಾಳ. ಕರಕೊಂಡು ಬರ್ತೇನಿ. ಕಾಕಾ ತಮ್ಮ ಕೈಲೇ ಕೊಡ್ಲಿ."

"ಅವರಿಗೆ ಗುರ್ತಾ..." ಎಂದವಳು ಮುಂದಿನದನ್ನು ನುಂಗಿದಳು.

"ಅಕಿಗಿ ಇರ್ತದಲ್ರಿ" ಎಂದ ಗನಿ.

ಸ್ವಲ್ಪ ಹೊತ್ತಾದ ಮೇಲೆ, ನದಿಗೆ ಕರೆದುಕೊಂಡು ಹೋಗಲೇ ಎಂದು ಕೇಳಿದ. ಸುಂದರಬಾಯಿ ಗಂಡನನ್ನು, ಕೋಲನ್ನು, ಗನಿಯನ್ನು ನೋಡಿದಳು. ನೀರಿನ ಹತ್ತಿರ ಒಬ್ಬರನ್ನೇ ಬಿಡಬೇಡಿ ಎಂದಷ್ಟೇ ಹೇಳಿ ಬುತ್ತಿ ಕಟ್ಟಲು ಒಳಗೆ ಹೋದಳು.

ಆಟೋದಿಂದ ಇಳಿದು ಗನಿ ಅವನ ಕೈ ಹಿಡಿದು ದಂಡೆಗೆ ಇಳಿಸಿದ. ಚಳಿಗಾಲದ ಭೀಮೆ ಬ್ಯಾರೇಜಿನ ಹಿಂದೆ ತುಂಬಿ ನಿಂತಿತ್ತು. ಎದುರು ದಂಡೆಯಲ್ಲಿ ತೊಗರಿ ಕಟಾವು ಮುಗಿದ ಹೊಲಗಳು, ಮೇಲೆ ಬಿಳಿ ಹಕ್ಕಿಗಳ ಸಾಲು. ಇಬ್ಬರೂ ಒಂದು ಚಪ್ಪಟೆ ಬಂಡೆಯ ಮೇಲೆ ಕೂತರು. ಗನಿ ಜೋಳದ ಹಿಟ್ಟಿನ ಉಂಡೆ ಗಾಳಕ್ಕೆ ಚುಚ್ಚಿ ಕೋಲು ಕೊಟ್ಟ. ಶಾಂತಲಿಂಗಪ್ಪ ಬೀಸಿದ, ದಾರ ರಿಂಗುಗಳ ಒಳಗಿಂದ ಸರ್ರನೆ ಓಡಿ, ದೂರದಲ್ಲಿ ಸಣ್ಣ ಸದ್ದು ಮಾಡಿ ಬಿತ್ತು. ಗನಿ ಆ ಸದ್ದು ಕೇಳಿ ಎರಡು ವರ್ಷವಾಗಿತ್ತು.

ಬಹಳ ಹೊತ್ತು ಗಾಳಕ್ಕೆ ಏನೂ ಬೀಳಲಿಲ್ಲ.

"ಶಾಂತಣ್ಣ," ಗನಿ ನೀರು ನೋಡುತ್ತಲೇ ಹೇಳಿದ, "ಅವತ್ತು ನಾನು ಮನ್ಯಾಗ ಇದ್ನಿ."

"ಹೌದೇನ್ರಿ?" ಎಂದ ಶಾಂತಲಿಂಗಪ್ಪ. ಯಾವತ್ತು ಎಂದು ಕೇಳಲಿಲ್ಲ. ಗನಿಯ ಕಣ್ಣು ನೋಡಿದ, ಏನೋ ತಪ್ಪಾಗಿದೆ ಎನ್ನುವುದು ಮಾತ್ರ ತಿಳಿಯಿತೇನೋ, ಗನಿಯ ತೊಡೆಯ ಮೇಲೆ ಎರಡು ಸಲ ತಟ್ಟಿದ. "ಇರ್ಲಿ ಬಿಡ್ರಿ. ಇರ್ಲಿ ಬಿಡ್ರಿ."

ಬಿಸಿಲು ಏರಿತು. ಶಾಂತಲಿಂಗಪ್ಪ ಕೋಲನ್ನು ಬಂಡೆಗೆ ಆನಿಸಿಟ್ಟು ಬುತ್ತಿ ಬಿಚ್ಚಿದ. ಎರಡು ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ.

"ನೀವು ಬುತ್ತಿ ತಂದಿಲ್ಲೇನ್ರಿ?"

"ಇಲ್ರಿ."

"ಹೆಸರೇನಂದ್ರಿ?"

"ಅಬ್ದುಲ್ ಗನಿ."

"ಗನಿ" ಎಂದ ಶಾಂತಲಿಂಗಪ್ಪ. ಬಾಯಲ್ಲಿ ಏನೋ ಇದ್ದು ಅದರ ರುಚಿ ನೋಡುವವನಂತೆ ಮತ್ತೊಮ್ಮೆ, "ಗನಿ" ಎಂದ. ಗನಿ ಕಾದ. ಶಾಂತಲಿಂಗಪ್ಪ ರೊಟ್ಟಿ ಮುರಿದ. ಅದು ಸಮನಾಗಿ ಮುರಿಯಲಿಲ್ಲ. ಎರಡೂ ತುಂಡುಗಳನ್ನು ನೋಡಿ ದೊಡ್ಡದರ ಮೇಲೆ ಹಿಂಡಿ ಹಾಕಿ ಮುಂದೆ ಚಾಚಿದ.

"ತಿನ್ರಿ. ನಾಚಿಕಿ ಮಾಡ್ಕೋಬ್ಯಾಡ್ರಿ. ಒಬ್ಬನ ಉಣ್ಣಾಕ ನನಗ ಆಗಂಗಿಲ್ಲ."

ಗನಿ ಎರಡೂ ಕೈಯಲ್ಲಿ ತೆಗೆದುಕೊಂಡ. ರೊಟ್ಟಿಯ ಪುಡಿ ಬಂಡೆಯ ಅಂಚಿನಿಂದ ನೀರಿಗೆ ಉದುರಿತು. ಬೆರಳುದ್ದದ ಮೀನಿನ ಮರಿಗಳು ಎಲ್ಲಿಂದಲೋ ಬಂದು ಮುತ್ತಿಕೊಂಡವು, ನೀರು ಅಲ್ಲಿ ಅಷ್ಟಗಲ ನಡುಗತೊಡಗಿತು. ಶಾಂತಲಿಂಗಪ್ಪ ಬಗ್ಗಿ ನೋಡುತ್ತ, ತನ್ನ ಕೈಯ ತುಂಡಿನಿಂದ ಇನ್ನಷ್ಟು ಪುಡಿ ಮುರಿದು ಹಾಕಿದ.